ಹೊರದೆ ಉಳಿದ ಮನೆ

ನಮ್ಮ ಕಟ್ಟಡದ ಮೆಟ್ಟಿಲ ಬಳಿ ಒಂದು ಸೋಮವಾರ ಚೀಟಿ ಅಂಟಿತ್ತು. ಎರ್ಲಾಂಗೆನ್‌ನಲ್ಲಿ ಅಕ್ಕಪಕ್ಕದವರು ಜಗಳವಾಡುವುದಿಲ್ಲ, ಚೀಟಿ ಅಂಟಿಸುತ್ತಾರೆ. ‘ಮಾನ್ಯ ನಿವಾಸಿಗಳೇ’ ಎಂದು ಶುರುವಾಗಿ ‘ಸ್ನೇಹಪೂರ್ವಕ ವಂದನೆಗಳೊಂದಿಗೆ’ ಎಂದು ಮುಗಿಯುವ ಆ ಚೀಟಿಯ ನಡುವೆ, ಒಣಮೀನಿನ ವಾಸನೆಯಿಂದ ಒಬ್ಬರ ಭಾನುವಾರ ಹಾಳಾದ ವಿವರವಿತ್ತು. ಕೆಳಗೆ ಹೆಸರಿರಲಿಲ್ಲ. ಕಾಗದದ ನಾಲ್ಕೂ ಮೂಲೆಗಳನ್ನು ಅಳತೆ ಹಿಡಿದು ಅಂಟಿಸಿದ ರೀತಿಯಿಂದಲೇ ಅದು ಮೂರನೆಯ ಮಹಡಿಯವರದೆಂದು ಎಲ್ಲರಿಗೂ ಗೊತ್ತಾಯಿತು.

ನಾನು ಉಡುಪಿ ಕಡೆಯವಳು. ಆ ಭಾನುವಾರ ಒಣಮೀನಿನ ಚಟ್ನಿ ಮಾಡಿದ್ದು ನಿಜ. ನನ್ನ ಗಂಡ ಮೈಸೂರಿನವರು, ಸಸ್ಯಾಹಾರಿ. ನನ್ನ ಮೀನಿನ ಬಗ್ಗೆ ಅವರು ಒಂದು ಮಾತೂ ಆಡುವುದಿಲ್ಲ. ಜನವರಿಯ ಚಳಿಯಲ್ಲೂ ಎಲ್ಲ ಕಿಟಕಿಗಳನ್ನು ತೆರೆದು, ಜಾಕೆಟ್ ಹಾಕಿಕೊಂಡು ಸೋಫಾದ ಮೇಲೆ ಕೂರುತ್ತಾರೆ, ಅಷ್ಟೇ. ತಪ್ಪಿತಸ್ಥೆ ನಾನೇ ಎಂದುಕೊಂಡು ಒಂದು ಡಬ್ಬಿ ಚಕ್ಕುಲಿ ಹಿಡಿದು, ಮೂರನೆಯ ಮಹಡಿಗೆ ಹೋಗುವ ಧೈರ್ಯವಿಲ್ಲದೆ, ಮೊದಲು ಕೆಳಗಿನ ಮನೆಯವರ ಕ್ಷಮೆ ಕೇಳಲು ಹೊರಟೆ. ಅರ್ಧ ಮೆಟ್ಟಿಲು ಇಳಿದಾಗ ಕೆಳಗಿನ ಮನೆಯಾಕೆ ಒಂದು ತಟ್ಟೆ ಹಿಡಿದು ಮೇಲೆ ಬರುತ್ತಿದ್ದರು. ಅವರೂ ಆ ಭಾನುವಾರ ಒಣಮೀನು ಹುರಿದಿದ್ದರು, ಅವರೂ ನನ್ನ ಕ್ಷಮೆ ಕೇಳಲು ಬರುತ್ತಿದ್ದರು. ಆ ಚೀಟಿ ಯಾರ ಮೀನಿಗೆ ಸೇರಿದ್ದು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮುಂದಿನ ಭಾನುವಾರದಿಂದ ನಾವು ಅವರ ಅಡುಗೆಮನೆಯಲ್ಲಿ ಒಟ್ಟಿಗೇ ಹುರಿಯತೊಡಗಿದೆವು.

ಅವರಿಗೆ ಎಪ್ಪತ್ತನಾಲ್ಕು ವರ್ಷ. ಫಿಲಿಪೀನ್ಸಿನ ಒಂದು ದ್ವೀಪದ ಕಡಲತಡಿಯ ಹಳ್ಳಿಯವರು. ಇಪ್ಪತ್ತಮೂರನೆಯ ವಯಸ್ಸಿಗೆ ನರ್ಸಾಗಿ ಜರ್ಮನಿಗೆ ಬಂದು, ಇಲ್ಲಿನ ಒಬ್ಬ ಪೋಸ್ಟ್‌ಮ್ಯಾನನ್ನು ಮದುವೆಯಾಗಿ, ಅವನನ್ನು ಮಣ್ಣು ಮಾಡಿ, ಈಗ ಒಬ್ಬರೇ ಇದ್ದಾರೆ. ನಾನು ಅವರನ್ನು ಆಂಟಿ ಎಂದೆ. ಐವತ್ತು ವರ್ಷ ಮಿಸೆಸ್ ಇಂಥವರು ಎಂದೇ ಕರೆಸಿಕೊಂಡು ಬೇಸತ್ತಿದ್ದ ಅವರಿಗೆ ಅದು ಕೂಡಲೇ ಒಪ್ಪಿಗೆಯಾಯಿತು. ನಮ್ಮ ಮಾತು ಜರ್ಮನ್ ಮತ್ತು ಇಂಗ್ಲಿಷ್ ಕಲಸಿದ್ದು. ಕೇಳಿದರೆ ಎರಡೂ ಭಾಷೆಯ ಮೇಷ್ಟ್ರುಗಳು ತಲೆ ಚಚ್ಚಿಕೊಳ್ಳುವಂಥದ್ದು. ಇಲ್ಲಿ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ.

ಅವರ ಊರಿನ ಚರಿತ್ರೆ ನನ್ನ ತಲೆಗೆ ಬಿದ್ದದ್ದು ನನ್ನದೇ ಹೆಚ್ಚುಗಾರಿಕೆಯಿಂದ. ನಾನು ಇಲ್ಲಿನ ಕನ್ನಡ ಕೂಟದ ಸ್ಮರಣ ಸಂಚಿಕೆಯ ಸಂಪಾದಕಿಯಾಗಿದ್ದೆ. ಎಂಬತ್ತು ಪುಟದ ಆ ಸಂಚಿಕೆಯಲ್ಲಿ ಅಧ್ಯಕ್ಷರ ಫೋಟೊ ಹನ್ನೊಂದು ಕಡೆ ಇದೆ. ದೀಪ ಹಚ್ಚುತ್ತಿರುವುದು, ಹಚ್ಚಿದ ದೀಪವನ್ನು ನೋಡುತ್ತಿರುವುದು, ದೀಪ ಆರಿದ ಮೇಲೆ ಭಾಷಣ ಮಾಡುತ್ತಿರುವುದು. ಇದನ್ನು ಆಂಟಿಗೆ ತೋರಿಸಿ ಜಂಬ ಕೊಚ್ಚಿಕೊಂಡೆ. ಅವರು ಒಂದೊಂದೇ ಪುಟ ತಿರುವಿ, ತಮ್ಮ ಊರಿನ ಚರ್ಚಿನ ವರ್ಷಾಚರಣೆಗೆ ಊರಿನ ಚರಿತ್ರೆಯ ಪುಸ್ತಕ ತರುತ್ತಿದ್ದಾರೆಂದೂ, ಅದನ್ನು ನಾನೇ ಮಾಡಿಕೊಡಬೇಕೆಂದೂ ಹೇಳಿದರು. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು ನಾನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಜಾತಿ. ಚರಿತ್ರೆ ಬರೆಯಲು ಇದಕ್ಕಿಂತ ಅರ್ಹತೆ ಇನ್ನೇನು ಬೇಕು ಎಂದುಕೊಂಡು ಒಪ್ಪಿದೆ.

ಊರಿನವರ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದವಳು ಆಂಟಿಯ ದೂರದ ಸಂಬಂಧದ ಹುಡುಗಿ. ನ್ಯೂರೆಂಬರ್ಗ್‌ನ ಒಂದು ಆಸ್ಪತ್ರೆಯಲ್ಲಿ ಅವಳೂ ನರ್ಸ್, ಬಂದು ಎರಡು ವರ್ಷವಾಗಿತ್ತು. ಆಂಟಿಯನ್ನು ಗುಂಪಿಗೆ ಸೇರಿಸಿದವಳೂ ಅವಳೇ. ಆಂಟಿ ಎಲ್ಲವನ್ನೂ ಓದುತ್ತಿದ್ದರು, ಒಮ್ಮೆಯೂ ಒಂದಕ್ಷರ ಬರೆದಿರಲಿಲ್ಲ. ಊರಿನವರು ಬರೆದದ್ದನ್ನು ಅವರು ನನಗೆ ಬಿಡಿಸಿ ಹೇಳುತ್ತಿದ್ದರು, ಪುಸ್ತಕವನ್ನು ನಾನು ಅಲ್ಲಿ ಎಲ್ಲರೂ ಓದುವ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಗುಂಪಿನ ಯಜಮಾನ ಊರಿನ ಕ್ಯಾಪ್ಟನ್. ಅಲ್ಲಿ ಪಂಚಾಯತಿ ಮುಖ್ಯಸ್ಥನನ್ನು ಹಾಗೆ ಕರೆಯುತ್ತಾರೆ, ಹಡಗೇನೂ ಇಲ್ಲ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಮೇಲೆ ಶುಭೋದಯ ಕಳಿಸುವ ಆತ ಪುಸ್ತಕಕ್ಕೆಂದು ಮೊದಲ ದಿನವೇ ತನ್ನ ಹದಿನಾಲ್ಕು ಫೋಟೊ ಕಳಿಸಿದಾಗ, ಮನುಷ್ಯಕುಲ ಎಲ್ಲ ಕಡೆ ಒಂದೇ ಎಂದು ನನಗೆ ಖಾತ್ರಿಯಾಯಿತು.

ಅರವತ್ತು ಮನೆಗಳ ಊರು. ಎರಡು ದೋಣಿಗಳಲ್ಲಿ ಬಂದ ನಾಲ್ಕು ಕುಟುಂಬಗಳಿಂದ ಶುರುವಾದದ್ದು. ಯಾವ ದೋಣಿ ಮೊದಲು ಬಂತು ಎಂಬುದರ ಬಗ್ಗೆ ಎರಡು ಪಂಗಡಗಳಿದ್ದವು, ಮೊದಲ ಅಧ್ಯಾಯ ಅಲ್ಲೇ ಒಂದು ತಿಂಗಳು ನಿಂತಿತು. ಕೊನೆಗೆ ಎರಡೂ ಒಂದೇ ಅಲೆಯ ಮೇಲೆ ದಡ ಮುಟ್ಟಿದವು ಎಂದು ಬರೆದು ನಾನೇ ರಾಜಿ ಮಾಡಿಸಿದೆ. ಆಮೇಲೆ ಶಾಲೆಯ ಮೇಷ್ಟ್ರು ಬಂದರು. ಪಾಠ ಹೇಳುತ್ತಿದ್ದರು, ಹಲ್ಲನ್ನೂ ಕೀಳುತ್ತಿದ್ದರು, ಊರಿನವರ ನೆನಪಿನಲ್ಲಿ ಎರಡೂ ಒಂದೇ ಥರದ ನೋವು. ಆಮೇಲೆ ಕಾರಿನ ಬ್ಯಾಟರಿಯಿಂದ ನಡೆಯುವ ಮೊದಲ ಟಿ.ವಿ. ಬಂತು, ಮನೆಯವರಿಗೇ ಕೂರಲು ಜಾಗವಿಲ್ಲದೆ ಅವರು ಅಂಗಳದಲ್ಲಿ ನಿಂತು ತಮ್ಮದೇ ಕಿಟಕಿಯಿಂದ ನೋಡುತ್ತಿದ್ದರಂತೆ. ಈಗ ತಗಡು, ಸಿಮೆಂಟು ಎಲ್ಲ ಬಂದಿದೆ. ಮನೆಗಳಿಗೆ ದೇಶದ ಹೆಸರು: ಸೌದಿ ಮನೆ, ಹಾಂಗ್‌ಕಾಂಗ್ ಮನೆ, ಜರ್ಮನಿ ಮನೆ. ನಮ್ಮ ಕಡೆಯ ದುಬೈ ಮನೆಗಳನ್ನು ನೋಡಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮನೆ ಹೊರುವ ಪದ್ಧತಿ. ಹಳೆಯ ಕಾಲದ ಮನೆಗಳು ಬಿದಿರು ಮತ್ತು ಗರಿಯವು, ಕಂಬಗಳ ಮೇಲೆ ನಿಂತಂಥವು. ಜಾಗ ಬದಲಿಸಬೇಕಾದರೆ ಮನೆಯನ್ನು ಕಳಚುವುದಿಲ್ಲ. ನೆಲಗಟ್ಟಿನಡಿ ಉದ್ದಕ್ಕೂ ಅಡ್ಡಕ್ಕೂ ಬಿದಿರಿನ ಬೊಂಬು ಕಟ್ಟಿ, ಮೂವತ್ತು ಜನ ಹೆಗಲು ಕೊಟ್ಟು, ಇಡೀ ಮನೆಯನ್ನು ಎತ್ತಿಕೊಂಡು ನಡೆಯುತ್ತಾರೆ. ಮನೆಯ ಬೆಕ್ಕು ಸಾಮಾನ್ಯವಾಗಿ ಒಳಗೇ ಇರುತ್ತದೆ. ಕೂಲಿ ಇಲ್ಲ; ಹೊತ್ತವರಿಗೆ ಮನೆಯವರು ದೊಡ್ಡ ಹಂಡೆಯಲ್ಲಿ ಗಂಜಿ ಮಾಡಿ ಬಡಿಸಬೇಕು. ಮುನ್ನಾ ದಿನ ಮನೆಯ ಯಜಮಾನ ತಾನೇ ಪ್ರತಿ ಮನೆಗೂ ಹೋಗಿ ‘ನಾಳೆ ಬನ್ನಿ’ ಎಂದು ಕೇಳಬೇಕು. ಇದನ್ನೆಲ್ಲ ‘ನಮ್ಮ ಪದ್ಧತಿಗಳು’ ಎಂಬ ಅಧ್ಯಾಯದಲ್ಲಿ ಮೂವತ್ತನೆಯ ಪುಟಕ್ಕೆ ಹಾಕಿ, ಮೂರು ಸಲ ಕರಡು ತಿದ್ದಿದೆ.

ತಿದ್ದುವಾಗ ಹೊಟ್ಟೆಕಿಚ್ಚೂ ಆಯಿತು. ನಾವು ಈ ಫ್ಲಾಟಿಗೆ ಬರುವಾಗ ಗಂಡ ಕೂಟದ ವಾಟ್ಸಾಪಿನಲ್ಲಿ ಸಹಾಯ ಬೇಕೆಂದು ಹಾಕಿದ್ದರು. ನಲವತ್ತು ಹೆಬ್ಬೆಟ್ಟು ಬಂದವು, ಎರಡು ಕೈ ಬರಲಿಲ್ಲ. ಕೊನೆಗೆ ಬಂದ ಒಬ್ಬನೇ ಒಬ್ಬ, “ಸೋಫಾನ ಹಿಂಗಲ್ಲ ಗುರು, ಅಡ್ಡ ತಿರುಗಿಸ್ಬೇಕು” ಎಂದು ಕಾಫಿ ಮುಗಿಯುವವರೆಗೆ ಸಲಹೆ ಕೊಟ್ಟು ಹೋದ.

ಮನೆ ಹೊರುವ ಅಧ್ಯಾಯ ಮುಗಿದ ದಿನ ಆಂಟಿ ತಾವು ನನಗೆ ಈ ಕೆಲಸ ಯಾಕೆ ಹಚ್ಚಿದರೆಂದು ಹೇಳಿದರು. ಅವರಿಗೆ ಆ ಪುಸ್ತಕದಲ್ಲಿ ಒಂದೇ ಒಂದು ವಾಕ್ಯ ಬೇಕಿತ್ತು. ಉಳಿದ ಎಂಬತ್ತು ಪುಟ ಏನಾದರೂ ಆಗಲಿ.

ಅವರಿಗೆ ಹದಿನಾಲ್ಕಾಗಿದ್ದಾಗ ಒಂದು ಮಳೆಗಾಲ ಕಡಲು ಊರೊಳಗೆ ಬಂತು. ದಡದ ಮೊದಲ ಸಾಲಿನಲ್ಲಿ ಹನ್ನೊಂದು ಮನೆಗಳಿದ್ದವು. ಊರಿನವರು ಒಂದು ವಾರದಲ್ಲಿ ಹತ್ತನ್ನು ಹೊತ್ತು ಚರ್ಚಿನ ಹಿಂದಿನ ಎತ್ತರಕ್ಕೆ ಸಾಗಿಸಿದರು. ಕೊನೆಯದು ಆಂಟಿಯ ಅಪ್ಪನದು. ಆತ ದೋಣಿ ಕಟ್ಟುವವನು. ಹತ್ತೂ ಮನೆಗಳ ಬೊಂಬಿಗೆ ಮುಂದಿನ ತುದಿಯಲ್ಲಿ ಹೆಗಲು ಕೊಟ್ಟವನು. ತನ್ನ ಮನೆಯ ಸರದಿಯ ಮುನ್ನಾ ದಿನ ಸಂಜೆ ಒಗೆದ ಅಂಗಿ ಹಾಕಿಕೊಂಡು ಹೊರಟ. ವಾಪಸ್ ಬಂದು, ಎಲ್ಲರ ಮನೆಗೂ ಹೋಗಿ ಬಂದೆ ಎಂದ. ಅಮ್ಮ ಬೆಳಗಿನ ಜಾವವೇ ಎದ್ದು ಹಂಡೆ ತುಂಬ ಗಂಜಿ ಮಾಡಿ, ಪಕ್ಕದ ಸಾಲಿನಿಂದ ಬಟ್ಟಲುಗಳನ್ನು ಕಡ ತಂದು ಜೋಡಿಸಿಟ್ಟಳು. ಒಬ್ಬರೂ ಬರಲಿಲ್ಲ. ಮಧ್ಯಾಹ್ನದ ಉಬ್ಬರಕ್ಕೆ ಅಡುಗೆಮನೆ ಹೋಯಿತು, ಸಂಜೆಗೆ ಮನೆ ಹೋಯಿತು. ಊರಿನ ಗಂಡಸರು ತೆಂಗಿನಮರಗಳ ಸಾಲಿನಲ್ಲಿ ನಿಂತು ನೋಡುತ್ತಿದ್ದರು. ಕುಟುಂಬ ಪಟ್ಟಣಕ್ಕೆ ಹೋಯಿತು, ಅಪ್ಪ ಬಂದರಿನಲ್ಲಿ ಹಮಾಲಿಯಾದ, ಅಲ್ಲೇ ತೀರಿಕೊಂಡ. ಆಂಟಿ ಜರ್ಮನಿಯಿಂದ ಎಷ್ಟೋ ಸಲ ಮನಿಲಾಕ್ಕೆ ಹೋಗಿದ್ದಾರೆ. ಊರಿಗೆ ಅರವತ್ತು ವರ್ಷದಿಂದ ಕಾಲಿಟ್ಟಿಲ್ಲ.

“ಒಂದು ಮನೆ ಹೊರಲಿಲ್ಲ ಅಂತ ಬರಿ,” ಎಂದರು. “ಅವರ ಪುಸ್ತಕದಲ್ಲೇ ಇರಬೇಕು, ಅವರ ಮಕ್ಕಳು ಓದಬೇಕು. ಇದಾದ ಮೇಲೆ ನಾನು ಸತ್ತರೂ ಚಿಂತೆ ಇಲ್ಲ.”

ನನ್ನ ರಕ್ತ ಕುದಿಯಿತು. ಬೇರೆಯವರ ಊರಿನ ಅನ್ಯಾಯಕ್ಕೆ ರಕ್ತ ಕುದಿಸಿಕೊಳ್ಳುವುದು ತುಂಬ ಸುಲಭದ ಕೆಲಸ, ಅಲ್ಲಿ ನಮ್ಮ ಮಾವನೋ ಚಿಕ್ಕಪ್ಪನೋ ಇರುವುದಿಲ್ಲ. ಆಂಟಿ ಕೇಳಿದ್ದು ಮೂರು ಪದದ ವಾಕ್ಯ. ನಾನು ನಲವತ್ತೊಂದನೆಯ ಪುಟದಲ್ಲಿ ಪೂರ್ತಿ ಒಂದು ಪ್ಯಾರಾ ಬರೆದೆ. ‘ಹತ್ತು ಮನೆಗಳನ್ನು ಹೊತ್ತ ಊರು ಹನ್ನೊಂದನೆಯದನ್ನು ಕಡಲಿಗೆ ಬಿಟ್ಟು, ಮರದ ನೆರಳಲ್ಲಿ ನಿಂತು ತಮಾಷೆ ನೋಡಿತು’ ಎಂಬುದು ಅದರ ಕೊನೆಯ ಸಾಲು. ಬರೆದ ಮೇಲೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಗಂಡ ಓದಿ, “ಸ್ವಲ್ಪ ಜಾಸ್ತಿ ಆಯ್ತೇನೋ ಅನ್ಸುತ್ತೆ ಕಣೆ” ಎಂದರು. ಹದಿನೈದು ವರ್ಷದಿಂದ ಒಣಮೀನಿಗೆ ಬಾಯಿ ಬಿಡದ ಮನುಷ್ಯ ಬಾಯಿ ಬಿಟ್ಟಾಗಲಾದರೂ ನಾನು ಕಿವಿ ಕೊಡಬೇಕಿತ್ತು.

ಕೊಡಲಿಲ್ಲ. ಪುಸ್ತಕದ ಕರಡನ್ನು ಊರಿನ ಗುಂಪಿಗೆ ಕಳಿಸಿದೆ. ಜೊತೆಗೆ, ಜರ್ಮನಿಯಲ್ಲಿ ಹದಿನೈದು ವರ್ಷ ತೆರಿಗೆ ಕಟ್ಟಿ ಕಲಿತ ವಿದ್ಯೆಯಂತೆ, ಒಂದು ‘ಫ್ರಿಸ್ಟ್’ ಇಟ್ಟೆ: ಶುಕ್ರವಾರದೊಳಗೆ ಆಕ್ಷೇಪಣೆ ಬಾರದಿದ್ದರೆ ಎಲ್ಲರ ಒಪ್ಪಿಗೆಯಿದೆ ಎಂದು ಭಾವಿಸಲಾಗುವುದು. ಇಲ್ಲಿ ಬಾಡಿಗೆಯಿಂದ ಬಾಯ್ಲರ್ ತನಕ ಎಲ್ಲವೂ ನಡೆಯುವುದು ಇಂಥ ಗಡುವಿನ ಮೇಲೆ. ಶುಕ್ರವಾರ ಬಂತು. ಒಂದು ಆಕ್ಷೇಪಣೆಯೂ ಇಲ್ಲ. ಶನಿವಾರ ಬೆಳಿಗ್ಗೆ ಕ್ಯಾಪ್ಟನ್ನನ ಗುಲಾಬಿ ಹೂವೂ ಇಲ್ಲ. ನಾನು ಖುಷಿಯಿಂದ ಪ್ರಿಂಟರಿಗೆ ಕಳಿಸಲು ಫೈಲ್ ಸಿದ್ಧ ಮಾಡಿದೆ.

ಇಂಥ ಮೂರ್ಖತನವನ್ನು ಜರ್ಮನ್ನರು ಮಾಡಿದ್ದರೆ ಕ್ಷಮಿಸಬಹುದಿತ್ತು. ನಾನು ಹುಟ್ಟಿದ ಮನೆಯಲ್ಲಿ ಯಾರಿಗಾದರೂ ನಿಜವಾಗಿ ನೋವಾದರೆ ಅವರು ಮಾತು ನಿಲ್ಲಿಸುತ್ತಿದ್ದರು. ನನ್ನ ಅಜ್ಜಿ ತನ್ನ ತಂಗಿಯ ಜೊತೆ ಹನ್ನೆರಡು ವರ್ಷ ಹಾಗೆ ಒಂದು ಆಕ್ಷೇಪಣೆಯನ್ನೂ ಸಲ್ಲಿಸದೆ ಬದುಕಿದ್ದಳು. ಗುಂಪಿನಲ್ಲಿ ಎರಡು ದಿನ ಯಾರೂ ಉಸಿರೆತ್ತದಿದ್ದರೆ ಅದರ ಅರ್ಥವೇನೆಂದು ನನಗೆ ಗೊತ್ತಾಗಬೇಕಿತ್ತು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ನ್ಯೂರೆಂಬರ್ಗ್‌ನ ಹುಡುಗಿ ಆಂಟಿಯ ಅಡುಗೆಮನೆಗೆ ಬಂದಳು, ಕೈಯಲ್ಲಿ ಅಕ್ಕಿಯ ಸಿಹಿ ತಿಂಡಿಯ ಡಬ್ಬಿ. ಆಂಟಿಯ ಕೈಯನ್ನು ಹಣೆಗೆ ಒತ್ತಿಕೊಂಡಳು, ಅದು ಅವರಲ್ಲಿ ಹಿರಿಯರಿಗೆ ನಮಸ್ಕಾರ. ತಿಂಡಿ ಬಡಿಸಿದಳು. ನನ್ನ ಮಗಳ ಓದು, ರೈಲಿನ ತಡ, ಹವಾಮಾನ ಎಲ್ಲ ಮಾತಾಡಿದಳು. ಅರ್ಧ ಗಂಟೆ ಆದ ಮೇಲೆ, ಊರಿನ ಹಿರಿಯರೊಬ್ಬರು ಆಂಟಿಗೊಂದು ಧ್ವನಿ ಸಂದೇಶ ಕಳಿಸಿದ್ದಾರೆ, ಗುಂಪಿನಲ್ಲಿ ಹಾಕುವುದು ಸರಿಯಲ್ಲವೆಂದು ತನಗೆ ಕೊಟ್ಟಿದ್ದಾರೆ ಎಂದಳು. ಆ ಮುದುಕನಿಗೆ ಎಪ್ಪತ್ತೊಂಬತ್ತು, ಮನೆ ಹೋದಾಗ ಹತ್ತೊಂಬತ್ತು. ನಮ್ಮ ಚರಿತ್ರೆಗೆ ಎರಡು ದೋಣಿಗಳ ಕತೆ ಕೊಟ್ಟವನೂ ಅವನೇ.

ಆಂಟಿ ಫೋನನ್ನು ಮೇಜಿನ ಮೇಲಿಟ್ಟು ಕೇಳಿದರು. ಹುಡುಗಿ ತುಂಡು ತುಂಡಾಗಿ ನನಗೆ ಜರ್ಮನ್‌ನಲ್ಲಿ ಹೇಳುತ್ತ ಹೋದಳು.

ಆ ಸಂಜೆ ಆಂಟಿಯ ಅಪ್ಪ ಈ ಮುದುಕನ ಮನೆಗೂ ಹೋಗಿದ್ದ. ಒಗೆದ ಅಂಗಿ ನೋಡಿ ಎಲ್ಲರಿಗೂ ಗೊತ್ತಾಗಿತ್ತು, ಕೇಳಲು ಬಂದಿದ್ದಾನೆಂದು. ಮುದುಕನ ಅಪ್ಪ ಆಗಲೇ ಬೊಂಬು ಕಡಿದು ತಂದು ಗೋಡೆಗೆ ಒರಗಿಸಿಟ್ಟಿದ್ದ. ಬಂದವನು ಕುಳಿತ. ಮೀನು ಸಿಗುತ್ತಿಲ್ಲ ಎಂದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮಾತಾಡಿದ. ಎದ್ದ, ಬಾಗಿಲವರೆಗೆ ಹೋದ, ತಿರುಗಿ ನೋಡಿದ, ಹೋಗಿಬಿಟ್ಟ. ಪಕ್ಕದ ಮನೆಯಲ್ಲೂ ಹಾಗೆಯೇ ಮಾಡಿದ. ಅದರ ಪಕ್ಕದ ಮನೆಯಲ್ಲೂ. ಎಲ್ಲ ಮನೆಗೂ ಹೋದ, ಎಲ್ಲ ಕಡೆ ಗಾಳಿಯ ಬಗ್ಗೆ ಮಾತಾಡಿದ, ಎಲ್ಲಿಯೂ ಕೇಳಲಿಲ್ಲ. ಹತ್ತು ಮನೆ ಹೊತ್ತವನ ಬಾಯಿಂದ ಆ ಒಂದು ಮಾತು ಹೊರಡಲಿಲ್ಲ. ಕೇಳದವನ ಮನೆಗೆ ತಾವಾಗಿ ಹೋಗಿ ಹೆಗಲು ಕೊಟ್ಟರೆ, ನಿನ್ನ ಕೈಲಾಗುವುದಿಲ್ಲ ಎಂದು ಊರೆದುರು ಹೇಳಿದ ಹಾಗೆ. ಅಂಥ ಮನುಷ್ಯನಿಗೆ ಆ ಅವಮಾನ ಮಾಡುವುದಕ್ಕೆ ಊರಿನವರಿಗೂ ಮನಸ್ಸಾಗಲಿಲ್ಲ. ಮರುದಿನ ಮರಗಳ ಸಾಲಿನಲ್ಲಿ ನಿಂತಿದ್ದೆವು, ನಿಜ, ಎಂದ ಮುದುಕ. ಬೊಂಬು ಕೈಯಲ್ಲೇ ಇತ್ತು. ಅವನು ಒಮ್ಮೆ ನಮ್ಮ ಕಡೆ ಕೈ ಎತ್ತಿದ್ದರೆ ಸಾಕಿತ್ತು. ಬೆನ್ನು ತಿರುಗಿಸಿಯೇ ನಿಂತಿದ್ದ.

ಇಷ್ಟು ಹೇಳಿ ಮುದುಕ ಸ್ವಲ್ಪ ಹೊತ್ತು ಕೆಮ್ಮಿದ. ಪುಸ್ತಕದಲ್ಲಿ ಬರೆದದ್ದನ್ನು ತೆಗೆಯಬೇಕಾಗಿಲ್ಲ, ಹುಡುಗಿಗೆ ನೋವಿದೆ, ಬರೆದುಕೊಳ್ಳಲಿ, ಎಂದ. ಎಪ್ಪತ್ತನಾಲ್ಕರ ಆಂಟಿ ಅವನ ಲೆಕ್ಕದಲ್ಲಿ ಇನ್ನೂ ಹುಡುಗಿ.

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಯಜಮಾನ ತಾನೇ ಹೋಗಿ ಕೇಳಬೇಕು ಎಂದು ಮೂವತ್ತನೆಯ ಪುಟದಲ್ಲಿ ಬರೆದವಳು ನಾನೇ. ನಲವತ್ತೊಂದನೆಯ ಪುಟದಲ್ಲಿ ಆತ ಕೇಳಿದನೇ ಎಂದು ಯಾರನ್ನೂ ಕೇಳದವಳೂ ನಾನೇ. ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಜಾತಿ, ಬೇರೆ ಹೇಳಬೇಕೇ. ಆಂಟಿಯ ಮುಖ ನೋಡಲಾಗದೆ, ಇಡೀ ಪ್ಯಾರಾ ತೆಗೆದುಬಿಡುತ್ತೇನೆ, ದಡದ ಮೊದಲ ಸಾಲಿನಲ್ಲಿ ಇದ್ದದ್ದೇ ಹತ್ತು ಮನೆ ಎಂದು ತಿದ್ದಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ನಮ್ಮ ಕೂಟದ ಸಂಚಿಕೆಯಲ್ಲಿ ಜಗಳವಾಡಿ ಬಿಟ್ಟುಹೋದ ಖಜಾಂಚಿಯನ್ನು ನಾವು ಹೀಗೆಯೇ ಇಲ್ಲವಾಗಿಸಿದ್ದೆವು, ಗ್ರೂಪ್ ಫೋಟೊದಿಂದ ಸಮೇತ.

ಆಂಟಿ ಸಂದೇಶವನ್ನು ಮತ್ತೆ ಕೇಳಿದರು. ಮೂರನೆಯ ಸಲವೂ ಕೇಳಿದರು. ಅವರು ಅಳಲಿಲ್ಲ, ನಾನು ಅತ್ತುಬಿಟ್ಟೆ. ಆಮೇಲೆ ಅವರು ಹೇಳಿದ್ದು ಅಪ್ಪನ ಬಗ್ಗೆ. ಆ ರಾತ್ರಿ ಊಟಕ್ಕೆ ಕೂತವನು ಊಟ ಮಾಡಿರಲಿಲ್ಲ. ಬೆಳಿಗ್ಗೆ ಅಮ್ಮ ಬಟ್ಟಲುಗಳನ್ನು ಜೋಡಿಸುವಾಗ, ಇಷ್ಟೊಂದು ಯಾಕೆ ಎಂದು ಮೆಲ್ಲಗೆ ಕೇಳಿದ್ದ. ಅರವತ್ತು ವರ್ಷ ಆ ಮಾತನ್ನು ಆಂಟಿ ಯೋಚಿಸಿರಲೇ ಇಲ್ಲ. ಬಂದರಿನಲ್ಲಿ ಯಾರ್‍ಯಾರದೋ ಮೂಟೆ ಹೊತ್ತು ಸತ್ತ ಅಪ್ಪನಿಗಾಗಿ ತಾನು ಊರನ್ನೇ ದ್ವೇಷಿಸಿದೆ, ಅವನಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದ ಎಂದರು. ಅವನ ಮೇಲೆ ಸಿಟ್ಟು ಬರುತ್ತಿದೆ ಎಂದರು. ಐದು ನಿಮಿಷ ಬಿಟ್ಟು, ಇಲ್ಲ, ಸಿಟ್ಟು ಬರುತ್ತಿಲ್ಲ, ಪಾಪ ಅನಿಸುತ್ತಿದೆ ಎಂದರು.

ಆಮೇಲೆ ಲ್ಯಾಪ್‌ಟಾಪ್ ತೆಗೆ ಎಂದರು. ನನ್ನ ಪ್ಯಾರಾ ಪೂರ್ತಿ ಅಳಿಸಲು ಹೇಳಿದರು. ನನಗೆ ಆ ಕೊನೆಯ ಸಾಲಿನ ಮೇಲೆ ಆಗಲೂ ಸ್ವಲ್ಪ ಮೋಹವಿತ್ತು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ತಾವು ಮೊದಲು ಕೇಳಿದ ವಾಕ್ಯವನ್ನು ಇಡಲು ಹೇಳಿದರು. ಅದರ ಮುಂದೆ ಇನ್ನೊಂದನ್ನು ಸೇರಿಸಿದರು. ಈಗ ನಲವತ್ತೊಂದನೆಯ ಪುಟದಲ್ಲಿ ಹೀಗಿದೆ: ‘ಒಂದು ಮನೆ ಹೊರಲಿಲ್ಲ. ಮನೆಯವರು ಕೇಳಲಿಲ್ಲ.’

“ಅಪ್ಪನ ಹೆಸರು ಹಾಕಲಾ?” ಎಂದು ಕೇಳಿದೆ.

“ಹಾಕು,” ಎಂದರು. “ದೋಣಿ ಕಟ್ಟುತ್ತಿದ್ದ ಅಂತಲೂ ಹಾಕು. ಚೆನ್ನಾಗಿ ಕಟ್ಟುತ್ತಿದ್ದ.”

ಹುಡುಗಿ ಮುಂದಿನ ರೈಲಿಗೆ ಹೊರಡಬೇಕಿತ್ತು, ಆದರೆ ಹೊರಡಲಿಲ್ಲ. ಯಾಕೆಂದರೆ ಆಂಟಿ ತಮ್ಮ ಫೋನನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಊರಿನ ಗುಂಪನ್ನು ತೆರೆದಿದ್ದರು. ಒಂದೊಂದೇ ಅಕ್ಷರ ಒತ್ತಿದರು. ಒತ್ತಿದ್ದನ್ನು ಅಳಿಸಿದರು. ಗಾಳಿ ಮಳೆ ಹೇಗಿದೆ ಎಂದು ಮೊದಲು ಬರೆದಿದ್ದರಂತೆ, ಅದನ್ನೂ ಅಳಿಸಿದರು. ನಾನು ಬರೆದುಕೊಡಲೇ ಎಂದು ಬಾಯಿಗೆ ಬಂತು. ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಕೂತೆ. ಹುಡುಗಿ ಭುಜದ ಮೇಲಿಂದ ಬಗ್ಗಿ ಓದಿ ನನಗೆ ಹೇಳಿದಳು: ಚರ್ಚಿನ ವರ್ಷಾಚರಣೆಗೆ ಬರುತ್ತಿದ್ದೇನೆ. ನನಗೆ ಮೊಣಕಾಲು ನೋವು. ಸಾಮಾನಿದೆ. ದೋಣಿ ಇಳಿಯುವಲ್ಲಿಗೆ ದಯವಿಟ್ಟು ಬರುತ್ತೀರಾ?

ಒತ್ತಿ ಕಳಿಸಿದ ಮೇಲೆ ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿ, ಎದ್ದು ಹೋಗಿ ತೊಳೆದ ಲೋಟವನ್ನೇ ಮತ್ತೆ ತೊಳೆದರು. ಫೋನ್ ಸದ್ದು ಮಾಡಿತು. ಅವರು ತಿರುಗಲಿಲ್ಲ. ಹುಡುಗಿ ಅದನ್ನು ತಂದು ಅವರ ಕೈಗೇ ಕೊಟ್ಟಳು. ಕ್ಯಾಪ್ಟನ್ ಉತ್ತರ ಬರೆದಿದ್ದ. ಹೂವಿಲ್ಲ, ಶುಭೋದಯವಿಲ್ಲ, ಒಂದೇ ಒಂದು ಸಾಲು. ಎಷ್ಟು ಜನ ಬರಲಿ, ಅತ್ತೆ?

ಆಂಟಿ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಒಂದು ಪದ ಬರೆದರು. ಅದನ್ನು ಮಾತ್ರ ಹುಡುಗಿ ನನಗೆ ಹೇಳಬೇಕಾಗಲಿಲ್ಲ. ಎಂಬತ್ತು ಪುಟ ತಿದ್ದಿದ ಮೇಲೆ ಅವರ ಭಾಷೆಯಲ್ಲಿ ಅಷ್ಟು ನನಗೆ ಬರುತ್ತಿತ್ತು.

ಎಲ್ಲರೂ.